ಏರುವುದಕ್ಕಿಂತ ಇಳಿಯುವುದನ್ನೇ ಹೆಚ್ಚು ಅಭ್ಯಾಸ ಮಾಡಿದೆ

ಮೂರು ಬೀಟ್‌ಗಳ ಜೋಡಿನೃತ್ಯ ವಾಲ್ಟ್ಸ್‌ನಲ್ಲಿ ಏರುವುದೆಂದರೆ, ಅಂದರೆ ಮುಂಗಾಲಿನ ಮೇಲೆ ಎದ್ದು ದೇಹ ಎತ್ತರಿಸುವುದೆಂದರೆ, ಎಲ್ಲರಿಗೂ ಇಷ್ಟ, ಫೋಟೊದಲ್ಲಿ ಚೆಂದ ಕಾಣುವುದೂ ಅದೇ. ಸ್ಪರ್ಧೆಗೆ ತಯಾರಾಗುವಾಗ ನಾನು ಹೆಚ್ಚು ಹೊತ್ತು ಕೊಟ್ಟದ್ದು ಮಾತ್ರ ಇಳಿಯುವುದಕ್ಕೆ. ಮೂರನೇ ಬೀಟ್ ಮುಗಿಯುತ್ತಾ ಬರುವ ಆ ಚೂರು ಹೊತ್ತಿನಲ್ಲಿ ದೇಹ ಹೇಗೆ ಕೆಳಗೆ ಬರುತ್ತದೋ, ಮುಂದಿನ ಹೆಜ್ಜೆಯ ಉದ್ದವೂ ಹಾಗೆಯೇ.

ನನ್ನ ಅಭ್ಯಾಸ ಹೀಗಿತ್ತು: ಸಂಗೀತ ಬಂದ್, ಒಂಟಿ ಕಾಲು, ಗೋಡೆಯ ಆಸರೆ ಇಲ್ಲ. ಮುಂಗಾಲಿನ ಮೇಲೆ ನಿಂತು, ಹಿಮ್ಮಡಿಯನ್ನು ನಿಧಾನಕ್ಕೆ ನೆಲಕ್ಕೆ ತಾಗಿಸಿ, ಆಮೇಲೆ ಮೊಣಕಾಲು ಮಡಚುವುದು. ಕಣಕಾಲಿನ ಹಿಡಿತ ಸಡಿಲಾದರೆ ಮೈ ಧಪ್ಪೆಂದು ಕೂರುತ್ತದೆ, ಅಲ್ಲಿಗೆ ವೇಗವೂ ಸತ್ತಂತೆ. ನಿಂತ ಕಾಲು ಮಡಚಿ ದೇಹವನ್ನು ಮುಂದಕ್ಕೆ ತಳ್ಳುವವರೆಗೂ ಇನ್ನೊಂದು ಕಾಲನ್ನು ಚಾಚಬಾರದು. ಬೇಸರದ ಕೆಲಸವೇ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ.

ಸ್ಲೋ ಫಾಕ್ಸ್‌ಟ್ರಾಟ್ ಎಂಬ ಇನ್ನೊಂದು ಜೋಡಿನೃತ್ಯ ಇನ್ನೂ ಕಠಿಣ. ವಾಲ್ಟ್ಸ್‌ನಲ್ಲಿ ಪಾದ ಕೂಡಿಸುವಾಗ ಸಮತೋಲನ ಸರಿಪಡಿಸಿಕೊಳ್ಳಲು ಒಂದು ಕ್ಷಣ ಸಿಗುತ್ತದೆ. ಇಲ್ಲಿ ಬಹುಪಾಲು ಹೆಜ್ಜೆಗಳಲ್ಲಿ ಪಾದಗಳು ಕೂಡುವುದೇ ಇಲ್ಲ, ಒಂದನ್ನೊಂದು ದಾಟಿಕೊಂಡು ಹೋಗುತ್ತಲೇ ಇರುತ್ತವೆ. ಅದರ ಫೆದರ್ ಸ್ಟೆಪ್ ಎಂಬ ಮೂರು ಹೆಜ್ಜೆಗಳ ಚಲನೆಯ ಲೆಕ್ಕ ಸ್ಲೋ, ಕ್ವಿಕ್, ಕ್ವಿಕ್. ಮೊದಲ ಹೆಜ್ಜೆಗೆ ಎರಡು ಬೀಟ್, ಉಳಿದೆರಡಕ್ಕೆ ಒಂದೊಂದು. ಮೂರನೆಯದರಲ್ಲಿ ನನ್ನ ಬಲಗಾಲು ಜೊತೆಗಾತಿಯ ಬಲಮಗ್ಗುಲಿನ ಹೊರಗೆ ಬೀಳಬೇಕು. ಹೊರಗೆ ಹೋಗಲೆಂದು ಸೊಂಟ ತಿರುಗಿಸಿದರೆ ಇಬ್ಬರ ನಡುವೆ ಸಂದು ಬೀಳುತ್ತದೆ. ಅದಕ್ಕೇ ಎರಡನೇ ಹೆಜ್ಜೆಯಲ್ಲೇ ನನ್ನ ಎಡಮಗ್ಗುಲನ್ನು ಮುಂದೆ ತರುತ್ತೇನೆ. ಆಗ ಮೂರನೆಯದಕ್ಕೆ ಬಲಗಾಲು ದೇಹದ ಗೆರೆಗೆ ಅಡ್ಡವಾಗಿ ತಾನಾಗಿಯೇ ದಾಟುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಹೊಸಬರಿಗೆ ಯಾರೂ ಬೇಗ ಹೇಳುವುದಿಲ್ಲ. ಫೆದರ್‌ನಲ್ಲಿ ನಾನು ಪಾದದಿಂದಲೂ ಏರುತ್ತೇನೆ. ಹಿಂದಕ್ಕೆ ನಡೆಯುವ ಆಕೆ ಪಾದದಿಂದ ಏರುವುದಿಲ್ಲ. ಅವಳ ಹಿಮ್ಮಡಿ ಪ್ರತಿ ಹೆಜ್ಜೆಗೂ ನೆಲ ಮುಟ್ಟುತ್ತದೆ, ಏರಿಕೆ ಬರುವುದು ಕಾಲು ನೀಳವಾಗಿ ದೇಹ ಹಿಗ್ಗುವುದರಿಂದ ಮಾತ್ರ. ನಾನು ಬೆರಳ ತುದಿವರೆಗೆ ಎದ್ದುಬಿಟ್ಟರೆ ಅವಳನ್ನು ಕಿತ್ತೆತ್ತಿದಂತಾಗುತ್ತದೆ. ಎತ್ತರ ಎಷ್ಟಿರಬೇಕೆಂದು ಹೇಳುವವಳು ಅವಳೇ. ಅದನ್ನು ಕೇಳಿಸಿಕೊಳ್ಳಲು ಕೈ ಬಿಟ್ಟು, ದೇಹದ ಸ್ಪರ್ಶವೊಂದರಿಂದಲೇ ನಡೆದು ನೋಡಿದೆವು. ತೋಳುಗಳು ಮುಚ್ಚಿಡುತ್ತಿದ್ದದ್ದೆಲ್ಲ ಆಗ ಬಯಲಾಯಿತು.

ಸ್ಪರ್ಧೆಯಲ್ಲಿ ಫಾಕ್ಸ್‌ಟ್ರಾಟ್‌ನ ವೇಗ ನಿಮಿಷಕ್ಕೆ 28ರಿಂದ 30 ಬಾರ್ (ಒಂದು ಬಾರ್ ಎಂದರೆ ನಾಲ್ಕು ಬೀಟ್). ನಾವು ಅದಕ್ಕಿಂತ ನಿಧಾನದ ಸಂಗೀತಕ್ಕೆ ಅಭ್ಯಾಸ ಮಾಡುತ್ತಿದ್ದೆವು. ನಿಧಾನವೆಂದರೆ ಸುಲಭ ಅಂದುಕೊಳ್ಳಬೇಡಿ, ಸ್ಲೋದ ಎರಡನೇ ಬೀಟ್‌ನಲ್ಲಿ ದೇಹ ನಿಂತುಬಿಡುವ ಆಸೆ ಆಗಲೇ ಜಾಸ್ತಿ. ಬೀಸುವ ಕಾಲು ದೇಹದ ಅಡಿಯಿಂದ ಹಾಯುತ್ತಲೇ ಇರಬೇಕು, ಎಲ್ಲೂ ತಂಗಬಾರದು.

ಕನ್ನಡಿಯನ್ನು ನಾನು ನಂಬುವುದಿಲ್ಲ. ನೋಡಲು ತಲೆ ತಿರುಗಿಸಿದ ತಕ್ಷಣ ಭಂಗಿ ಕೆಡುತ್ತದೆ. ಮೊಬೈಲನ್ನು ಸೊಂಟದ ಎತ್ತರಕ್ಕೆ, ಪಕ್ಕದಿಂದ ಇಟ್ಟು ವಿಡಿಯೊ ತೆಗೆಯುತ್ತೇವೆ. ನೋಡುವಾಗ ಪಾದಗಳನ್ನು ಬಿಟ್ಟು ತಲೆ ಸಾಗುವ ಗೆರೆಯನ್ನಷ್ಟೇ ಗಮನಿಸುತ್ತೇವೆ. ಅದು ಎಲ್ಲಿ ತಟ್ಟನೆ ಕುಸಿಯುತ್ತದೋ, ಮರುದಿನ ಅದೇ ಬಾರ್‌ನಿಂದ ಶುರು.