ಸಂಶೋಧನಾ ವಿದ್ಯಾರ್ಥಿಗಳೇ ಗಣಿತ ಸಮ್ಮೇಳನ ನಡೆಸುವುದು ಹೇಗೆ?

ಪುಣೆಯಲ್ಲಿ ಅನ್ವಯಿಕ ಗಣಿತವು ಗಣಿತ ವಿಭಾಗಗಳಿಗಷ್ಟೇ ಸೀಮಿತವಾಗಿಲ್ಲ. ಪಾಷಾಣ್ ಬಡಾವಣೆಯಲ್ಲಿರುವ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯಲ್ಲಿ ಮುಂಗಾರಿನ ಮಾದರಿಗಳು ಸಿದ್ಧವಾಗುತ್ತವೆ. ಖಡಕವಾಸ್ಲಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟು, ಬಂದರುಗಳ ನೀರಿನ ಹರಿವಿನ ಲೆಕ್ಕಾಚಾರ ನಡೆಯುತ್ತದೆ. ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಐಸರ್ ಎಂಬ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯ ಎಲ್ಲವೂ ಒಂದೇ ಊರಿನಲ್ಲಿವೆ. ಆದರೂ ಈ ಸಂಸ್ಥೆಗಳ ಪಿಎಚ್.ಡಿ. ವಿದ್ಯಾರ್ಥಿಗಳು ಪರಸ್ಪರ ಭೇಟಿಯಾಗುವುದು ಅಪರೂಪ. ಧಾರವಾಡ, ಕಲಬುರಗಿ, ವಿಜಯಪುರಗಳಿಂದ ಬಂದು ಇಲ್ಲಿ ಸಂಶೋಧನೆ ಮಾಡುತ್ತಿರುವ ನಮ್ಮವರಿಗೂ, ಅಲ್ಲಿಯೇ ಉಳಿದು ಓದುತ್ತಿರುವ ಅವರ ಗೆಳೆಯರಿಗೂ ವಿದ್ಯಾರ್ಥಿಗಳೇ ನಡೆಸುವ ಒಂದು ದಿನದ ಸಮ್ಮೇಳನ ಒಳ್ಳೆಯ ಅವಕಾಶ. ಅದನ್ನು ನಡೆಸುವ ಕ್ರಮ ಹೀಗಿದೆ.

ಮೊದಲು ಗೊತ್ತುಮಾಡಬೇಕಾದದ್ದು ದಿನಾಂಕ. ಗಣೇಶೋತ್ಸವದ ದಿನಗಳಲ್ಲಿ ಪುಣೆಯ ರಸ್ತೆಗಳನ್ನು ನಂಬುವಂತಿಲ್ಲ. ಜೂನ್ ಮತ್ತು ಡಿಸೆಂಬರ್ ಸಾಮಾನ್ಯವಾಗಿ ನೆಟ್ ಎಂಬ ಅರ್ಹತಾ ಪರೀಕ್ಷೆಯ ತಿಂಗಳುಗಳು. ನವೆಂಬರಿನಲ್ಲಿ ಸೆಮಿಸ್ಟರ್ ಪರೀಕ್ಷೆಗಳ ಗಡಿಬಿಡಿ. ಹಾಗಾಗಿ ಜನವರಿ ಕೊನೆ ಅಥವಾ ಫೆಬ್ರವರಿಯ ಒಂದು ಶನಿವಾರ ಅನುಕೂಲ. ಶನಿವಾರವನ್ನು ಆರಿಸಿದರೆ ಸಭಾಂಗಣದ ಕೀಲಿ, ವಿದ್ಯುತ್ ಮತ್ತು ಪ್ರೊಜೆಕ್ಟರ್ ನೋಡಿಕೊಳ್ಳುವ ಸಿಬ್ಬಂದಿಯ ಹಾಜರಿಗೆ ಲಿಖಿತ ಅನುಮತಿಯನ್ನು ಮುಂಚೆಯೇ ಪಡೆದಿರಬೇಕು.

ದಿನಾಂಕ ಗೊತ್ತಾದ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬರುವ ವಿದ್ಯಾರ್ಥಿಗೆ ಸ್ಲೀಪರ್ ಟಿಕೆಟ್ ಸಿಗಬೇಕಾದರೆ, ತನ್ನ ಪ್ರಬಂಧ ಆಯ್ಕೆಯಾಗಿದೆಯೇ ಎಂಬುದು ಅದಕ್ಕೂ ಮೊದಲೇ ತಿಳಿದಿರಬೇಕು. ಆದ್ದರಿಂದ ಆಯ್ಕೆಯ ಪಟ್ಟಿ 75 ದಿನ ಮುಂಚೆ, ಸಾರಾಂಶ ಕಳಿಸುವ ಕೊನೆಯ ದಿನ ಅದಕ್ಕಿಂತ ಮೂರು ವಾರ ಮುಂಚೆ, ಆಹ್ವಾನ ಇನ್ನೂ ಒಂದು ತಿಂಗಳು ಮುಂಚೆ ಎಂದಾಗುತ್ತದೆ. ಅಂದರೆ ಫೆಬ್ರವರಿಯ ಸಮ್ಮೇಳನಕ್ಕೆ ಆಹ್ವಾನ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಹೋಗಬೇಕು, ಅದರ ಸಿದ್ಧತೆಗೆ ಆಗಸ್ಟಿನಲ್ಲಿಯೇ ಸಮಿತಿ ಕೂಡಬೇಕು.

ಸಮಿತಿಗೆ ಐದಾರು ಜನ ಸಾಕು. ಒಬ್ಬ ಅಧ್ಯಾಪಕರು ಮಾರ್ಗದರ್ಶಕರಾಗಿರುವುದು ಅನಿವಾರ್ಯ, ಏಕೆಂದರೆ ಅನುದಾನದ ಅರ್ಜಿಗೂ ಸಂಸ್ಥೆಯ ಲೆಕ್ಕಪತ್ರಕ್ಕೂ ಅವರ ಸಹಿ ಬೇಕು. ಪರಮಾಣು ಶಕ್ತಿ ಇಲಾಖೆಯ ಅಧೀನದ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಗಣಿತ ಸಮ್ಮೇಳನಗಳಿಗೆ ನೆರವು ನೀಡುತ್ತದೆ. ಸಯಾಮ್ ಎಂದು ಕರೆಯಲಾಗುವ, ಅಮೆರಿಕದಲ್ಲಿ ಹುಟ್ಟಿದ ಔದ್ಯಮಿಕ ಮತ್ತು ಅನ್ವಯಿಕ ಗಣಿತ ಸಂಘಕ್ಕೆ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಘಟಕಗಳಿವೆ. ನಿಮ್ಮಲ್ಲಿ ಘಟಕವಿದ್ದರೆ ಅದರ ಹೆಸರಿನಲ್ಲಿಯೇ ಸಮ್ಮೇಳನ ನಡೆಸಬಹುದು. ಹಣ ಎಷ್ಟೇ ಬರಲಿ, ಶಾಲು, ಹಾರ, ಸ್ಮರಣಿಕೆ, ಚೀಲಗಳಿಗೆ ಖರ್ಚು ಮಾಡದೆ ಹೊರಊರಿನವರ ಪ್ರಯಾಣ ಮತ್ತು ವಸತಿಗೆ ಮೀಸಲಿಡುವುದು ಒಳ್ಳೆಯದು.

ಹೆಚ್ಚು ಶ್ರಮ ಬೇಡುವುದು ಸಾರಾಂಶಗಳ ಆಯ್ಕೆ. ಅನ್ವಯಿಕ ಗಣಿತದಲ್ಲಿ ದ್ರವಚಲನೆಯವರ ಭಾಷೆ ಜೀವಗಣಿತದವರಿಗೆ ತಿಳಿಯದು. ಆದ್ದರಿಂದ ಆಹ್ವಾನದಲ್ಲಿಯೇ ಒಂದು ಷರತ್ತು ಹಾಕಬೇಕು: 200 ಪದಗಳ ಸಾರಾಂಶದ ಮೊದಲ ಎರಡು ವಾಕ್ಯಗಳು ಬೇರೆ ವಿಷಯದ ಎಂ.ಎಸ್ಸಿ. ವಿದ್ಯಾರ್ಥಿಗೂ ಅರ್ಥವಾಗಬೇಕು. ‘ಚಲಿಸುವ ಗಡಿಯುಳ್ಳ ಪ್ರತಿಕ್ರಿಯಾ–ವಿಸರಣ ಸಮೀಕರಣದ ಸಂಖ್ಯಾತ್ಮಕ ಪರಿಹಾರ’ ಎಂದು ಆರಂಭಿಸಿದವರಿಗೆ, ‘ಗಾಯ ಮಾಯುವಾಗ ಚರ್ಮದ ಅಂಚು ಎಷ್ಟು ವೇಗವಾಗಿ ಒಳಸರಿಯುತ್ತದೆ ಎಂಬುದನ್ನು ಲೆಕ್ಕ ಹಾಕುತ್ತೇವೆ’ ಎಂದು ಬರೆಯುವಂತೆ ಸೂಚಿಸಿ ಸಾರಾಂಶವನ್ನು ಮರಳಿಸಬೇಕು. ತಿರಸ್ಕರಿಸುವುದಕ್ಕಿಂತ ತಿದ್ದಿಸುವುದೇ ವಿದ್ಯಾರ್ಥಿ ಸಮ್ಮೇಳನದ ಕೆಲಸ ಎಂಬುದು ನನ್ನ ಅಭಿಪ್ರಾಯ.

ಇನ್ನು ವೇಳಾಪಟ್ಟಿ. ಬೆಳಗ್ಗೆ 9.30ರಿಂದ ಸಂಜೆ 5.30ರವರೆಗೆ 480 ನಿಮಿಷಗಳು. ಉದ್ಘಾಟನೆಗೆ 15, ಎರಡು ಆಹ್ವಾನಿತ ಉಪನ್ಯಾಸಗಳಿಗೆ 90, ಊಟಕ್ಕೆ 60, ಎರಡು ಬಾರಿಯ ಚಹಾಕ್ಕೆ 60, ಪೋಸ್ಟರ್ ವೀಕ್ಷಣೆಗೆ 60 ಕಳೆದರೆ ಉಳಿಯುವುದು 195. ಹದಿನೈದು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ ಎಂದರೆ ಒಂದು ಸಭಾಂಗಣದಲ್ಲಿ ಒಂಬತ್ತೇ ಮಂಡನೆಗಳು. ಮೂವತ್ತು ಸಾರಾಂಶಗಳು ಬಂದರೆ ಎರಡು ಸಮಾನಾಂತರ ಗೋಷ್ಠಿಗಳಲ್ಲಿ ಹದಿನೆಂಟನ್ನು ಕೂರಿಸಿ ಉಳಿದ ಹನ್ನೆರಡನ್ನು ಪೋಸ್ಟರಿಗೆ ಕಳಿಸಬೇಕಾಗುತ್ತದೆ. ಚಹಾದ ಅರ್ಧ ಗಂಟೆಯನ್ನು ಮಾತ್ರ ಕತ್ತರಿಸಬಾರದು. ಅಮೃತತುಲ್ಯ ಎಂಬ ಚಹಾ ಅಂಗಡಿಗಳ ಊರಿನಲ್ಲಿ ಇದನ್ನು ಯಾರಿಗೂ ಒತ್ತಿ ಹೇಳಬೇಕಾಗಿಲ್ಲ. ಸಭೆಯಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ಹಿಂಜರಿಯುವ ನಮ್ಮ ಕಡೆಯ ವಿದ್ಯಾರ್ಥಿ ಅದೇ ಪ್ರಶ್ನೆಯನ್ನು ಲೋಟ ಹಿಡಿದುಕೊಂಡು ಕನ್ನಡದಲ್ಲಿ ಕೇಳುವುದು ಆಗಲೇ.

ಗೋಷ್ಠಿಗಳನ್ನು ಅನ್ವಯಕ್ಷೇತ್ರದ ಪ್ರಕಾರ ವಿಂಗಡಿಸುವುದು ರೂಢಿ. ನಾನು ವಿಧಾನದ ಪ್ರಕಾರ ವಿಂಗಡಿಸಿ ಎನ್ನುತ್ತೇನೆ. ಅನುಕೂಲಕರ ಜೀನ್ ಒಂದು ಜನಸಮುದಾಯದಲ್ಲಿ ಹೇಗೆ ಹರಡುತ್ತದೆ ಎಂಬುದನ್ನು ವಿವರಿಸಲು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1937ರಲ್ಲಿ ಬರೆದ ಸಮೀಕರಣವನ್ನೇ ಗಾಯ ಮಾಯುವಿಕೆಯ ಮಾದರಿಗಳಲ್ಲಿಯೂ, ಗಡ್ಡೆಯ ಬೆಳವಣಿಗೆಯ ಮಾದರಿಗಳಲ್ಲಿಯೂ ಬಳಸುತ್ತಾರೆ. ಎರಡರಲ್ಲಿಯೂ ಮುನ್ನುಗ್ಗುವ ಅಲೆಯ ಕನಿಷ್ಠ ವೇಗ ವಿಸರಣಾಂಕ (ಹರಡುವಿಕೆಯ ಅಳತೆ) ಮತ್ತು ಬೆಳವಣಿಗೆಯ ದರದ ಗುಣಲಬ್ಧದ ವರ್ಗಮೂಲದ ಎರಡರಷ್ಟು. ಈ ಎರಡು ಮಾದರಿಗಳ ಮೇಲೆ ಕೆಲಸ ಮಾಡುವ ಇಬ್ಬರನ್ನು ಜೀವವಿಜ್ಞಾನ, ವೈದ್ಯಕೀಯ ಎಂದು ಬೇರೆ ಬೇರೆ ಕೋಣೆಗೆ ಕಳಿಸಿದರೆ ಇಬ್ಬರಿಗೂ ಅದು ಗೊತ್ತಾಗುವುದೇ ಇಲ್ಲ. ಯಾವ ಎರಡು ಮಂಡನೆಗಳು ಒಂದೇ ಸಮಯದಲ್ಲಿ ಬರಬಾರದು ಎಂಬುದನ್ನು ತೀರ್ಮಾನಿಸಲು ಪ್ರತಿ ಮಂಡನೆಯನ್ನು ಒಂದು ಬಿಂದುವಾಗಿ ಬರೆದು, ಒಂದೇ ಕೇಳುಗರನ್ನು ಸೆಳೆಯುವಂಥವುಗಳ ನಡುವೆ ಗೆರೆ ಎಳೆಯಿರಿ. ಗೆರೆಯಿಂದ ಕೂಡಿದ ಬಿಂದುಗಳಿಗೆ ಒಂದೇ ಬಣ್ಣ ಬರದಂತೆ, ಒಂದೊಂದು ಬಣ್ಣಕ್ಕೂ ಎರಡಕ್ಕಿಂತ ಹೆಚ್ಚು ಬಿಂದುಗಳು ಸೇರದಂತೆ ಬಣ್ಣ ಹಾಕಿದರೆ ಪ್ರತಿ ಬಣ್ಣವೂ ಒಂದು ವೇಳೆಯಾಗುತ್ತದೆ. ಹದಿನೆಂಟು ಬಿಂದುಗಳಿಗೆ ಇದನ್ನು ಕಾಗದದ ಮೇಲೆಯೇ ಮಾಡಬಹುದು.

ಹಿಂದಿನ ಸಂಜೆಯೇ ಎಲ್ಲರ ಸ್ಲೈಡುಗಳನ್ನು ಪಿಡಿಎಫ್ ರೂಪದಲ್ಲಿ ತರಿಸಿ, ಒಂದೊಂದು ಕೋಣೆಗೆ ಒಂದೇ ಲ್ಯಾಪ್‌ಟಾಪಿನಲ್ಲಿ ಇಟ್ಟರೆ ಕೇಬಲ್ ಬದಲಿಸುವ ಸಮಯ ಉಳಿಯುತ್ತದೆ. ಎ0 ಅಳತೆಯ ಪೋಸ್ಟರ್ 841 × 1189 ಮಿಲಿಮೀಟರ್. ರೈಲಿನಲ್ಲಿ ತರುವವರಿಗೆ ಅದರ ಅರ್ಧದಷ್ಟಿರುವ ಎ1 ಸುಲಭ, ಅಗ್ಗ. ಗೋಷ್ಠಿಯ ಅಧ್ಯಕ್ಷತೆಯನ್ನು ವಿದ್ಯಾರ್ಥಿಗಳೇ ವಹಿಸಲಿ, ಐದು ಮತ್ತು ಒಂದು ನಿಮಿಷದ ಫಲಕಗಳನ್ನು ಸಂಕೋಚವಿಲ್ಲದೆ ಎತ್ತಿ ತೋರಿಸಲಿ. ಮೊದಲ ಪ್ರಶ್ನೆ ವಿದ್ಯಾರ್ಥಿಯದೇ ಆಗಬೇಕು, ಅಧ್ಯಾಪಕರು ಆಮೇಲೆ ಕೇಳಬೇಕು ಎಂಬ ನಿಯಮವನ್ನು ಬೆಳಗ್ಗೆಯೇ ಪ್ರಕಟಿಸುವುದು ಉಚಿತ. ಹಿರಿಯರು ಇದಕ್ಕೆ ಬೇಸರಪಡುವುದಿಲ್ಲ.

ಪ್ರಮಾಣಪತ್ರಗಳನ್ನು ಅದೇ ಸಂಜೆ ಕೈಗೆ ಕೊಟ್ಟುಬಿಡಿ, ಊರಿಗೆ ಮರಳಿದವರಿಗೆ ಪ್ರಯಾಣ ಭತ್ಯೆ ಪಡೆಯಲು ಅದು ಬೇಕಾಗುತ್ತದೆ. ಊಟ, ಮುದ್ರಣ, ವಸತಿಯ ಬಿಲ್ಲುಗಳು ಸಂಸ್ಥೆಯ ಹೆಸರಿನಲ್ಲಿಯೇ ಇವೆಯೇ ಎಂದು ಪರಿಶೀಲಿಸಿ, ಒಂದು ವಾರದೊಳಗೆ ಮುಂಗಡದ ಲೆಕ್ಕವನ್ನು ಒಪ್ಪಿಸಿ, ಅದರ ಪ್ರತಿಯನ್ನು ಪತ್ರವ್ಯವಹಾರದ ಕಡತದೊಂದಿಗೆ ಮುಂದಿನ ವರ್ಷದ ಸಮಿತಿಗೆ ವಹಿಸಬೇಕು.