ಲಾಸಿಕ್ ಬೆಟ್ಟದಲ್ಲಿ ಹೂವಿಗೆ ಪಂಜರ ಹೊದಿಸಿದ್ದು

ಲಾಸಿಕ್ಸ್ ಲುಪಿನ್ ಎಂಬ ಗಿಡವನ್ನು ನೋಡಬೇಕಾದರೆ ಮೊಣಕಾಲೂರಿ ಕೂರಬೇಕು. ನಿಂತು ನೋಡಿದರೆ ಕಲ್ಲುಪುಡಿಯ ಮೇಲೆ ಬೂದುಹಸಿರಿನ ತೇಪೆ, ಅಷ್ಟೇ. ಕೂತಾಗ ಬಿಡಿಸಿದ ಅಂಗೈಯಂಥ ಎಲೆ, ಅದರ ತುಂಬ ನವಿರಾದ ರೋಮ, ನೆಲಕ್ಕೆ ಒತ್ತಿಕೊಂಡ ಗುಲಾಬಿ-ಬಿಳಿ ಹೂಗೊಂಚಲು ಕಾಣುತ್ತವೆ. ತೊಗರಿ, ಹುರುಳಿಯ ಬಳಗದ್ದೇ ಇದು.

ಉತ್ತರ ಕ್ಯಾಲಿಫೋರ್ನಿಯಾದ ಲಾಸಿಕ್ಸ್ ಬೆಟ್ಟಗಳನ್ನು ಬಿಟ್ಟರೆ ಈ ಗಿಡ ಭೂಮಿಯಲ್ಲಿ ಬೇರೆಲ್ಲೂ ಇಲ್ಲ. ಅಲ್ಲಿಯೂ ಮೌಂಟ್ ಲಾಸಿಕ್ ಮತ್ತು ರೆಡ್ ಲಾಸಿಕ್‌ನ ಕೆಲವೇ ಎಕರೆ. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು 1983ರಲ್ಲಿ. 2023ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿತು.

ಬೋಳು ನೆಲವೇ ಇದಕ್ಕೆ ತವರು. ಮೊದಲ ದಿನ ನನಗಿದು ಅರ್ಥವಾಗಿರಲಿಲ್ಲ, ಸುತ್ತ ಪೊದೆಯಿದ್ದರೆ ಒಳ್ಳೆಯದಲ್ಲವೇ ಅಂದುಕೊಂಡಿದ್ದೆ. ಆಗಿರುವುದು ತಿರುಗುಮುರುಗು. ದಶಕಗಳ ಕಾಲ ಕಾಡಿನ ಬೆಂಕಿಯನ್ನು ಆರಿಸುತ್ತಲೇ ಬಂದದ್ದರಿಂದ ಮಂಜಾನಿಟಾ ಪೊದೆಗಳು ಹಬ್ಬಿದವು, ಅವುಗಳ ಮರೆಯಲ್ಲಿ ಇಲಿಗಳೂ ಚಿಪ್‌ಮಂಕ್‌ಗಳೂ (ನಮ್ಮ ಅಳಿಲಿನಂತೆಯೇ ಬೆನ್ನ ಮೇಲೆ ಗೆರೆ) ಸೇರಿಕೊಂಡವು. ಕಾಯಿ ಬಲಿಯುವ ಮೊದಲೇ ಬೀಜ ಅವುಗಳ ಪಾಲು. ಜೊತೆಗೆ ಹಿಮವೂ ಕಡಿಮೆಯಾಗುತ್ತಿದೆ, ಬೇಸಿಗೆಯಲ್ಲಿ ನೆಲ ಬೇಗ ಒಣಗುತ್ತದೆ.

ಅರಣ್ಯ ಇಲಾಖೆಯ ಸಸ್ಯತಜ್ಞರ ಜೊತೆ ಸ್ವಯಂಸೇವಕನಾಗಿ ಹೋದ ನನಗೆ ಸಿಕ್ಕಿದ ಕೆಲಸ ಗಿಡಗಳಿಗೆ ಜಾಲರಿ ಪಂಜರ ಹೊದಿಸುವುದು. ಜೇನು ನುಸುಳಬೇಕು, ಇಲಿ ನುಸುಳಬಾರದು, ಜಾಲರಿಯ ಕಣ್ಣು ಅಂಥದ್ದು. ಕಷ್ಟವಿರುವುದು ಪಂಜರದ ಅಂಚು ಕೂರಿಸುವುದರಲ್ಲಿ. ಕಡಿದಾದ ಇಳಿಜಾರು, ಜಾರುವ ಜಲ್ಲಿ. ಒಂದು ಹೆಜ್ಜೆ ತಪ್ಪಿದರೆ ಕಲ್ಲು ಉರುಳಿ ಕೆಳಗಿನ ಸಸಿಯ ಮೇಲೆ. ಅದಕ್ಕೇ ಯಾವಾಗಲೂ ಗಿಡದ ಕೆಳಬದಿಯಲ್ಲೇ ಕೂರುತ್ತಿದ್ದೆ. ಅಂಚನ್ನು ಬೇರಿಗೆ ತಾಗದಷ್ಟೇ ನೆಲಕ್ಕೆ ಇಳಿಸಿ, ಮೇಲೆ ಚಪ್ಪಟೆ ಕಲ್ಲು ಹೇರಿ, ಸುತ್ತ ಬೆರಳಾಡಿಸಿ ಸಂದು ಹುಡುಕುತ್ತಿದ್ದೆ.

ಒಂದು ಕಡೆ ಸಂಜೆಯ ಅವಸರದಲ್ಲಿ ಬೆರಳಾಡಿಸಲಿಲ್ಲ. ಕೆಲವು ವಾರಗಳ ನಂತರ ಹೋದಾಗ ಆ ಪಂಜರದೊಳಗೆ ಬರೀ ತೊಟ್ಟು, ಕಚ್ಚಿ ಎಸೆದ ಸಿಪ್ಪೆ. ಹೊಟ್ಟೆ ಕಿವುಚಿದಂತಾಯಿತು. ಇರುವುದೇ ಇಷ್ಟು ಗಿಡ, ಅದರಲ್ಲಿ ಒಂದರ ವರ್ಷದ ಫಸಲು ನನ್ನ ಕೈಯಿಂದ ಹೋಯಿತು.

ಅದರ ಪಕ್ಕದ ಪಂಜರದಲ್ಲಿ ಕಾಯಿಗಳು ಒಣಗಿ, ಸುರುಳಿಯಾಗಿ ಸಿಡಿದಿದ್ದವು. ಬೀಜ ಜಲ್ಲಿಯ ಸಂದಿಗೆ ಇಳಿದಿತ್ತು. ಮುಟ್ಟದೆ, ಜಾಲರಿಯನ್ನಷ್ಟೇ ಮೆಲ್ಲಗೆ ಎತ್ತಿಕೊಂಡೆ.