ಥರ್ಮೋಕೋಲ್ ಮುಚ್ಚಳ, ಬಿಪಿ ಪಂಪು ಮತ್ತು ನನ್ನ ಔಟ್‌ಬೋರ್ಡ್ ಎಂಜಿನ್

ಕಳೆದ ವರ್ಷ ಮಿರ್ಗದ (ಮೃಗಶಿರಾ) ಮಳೆ ಹಿಡಿಯುವುದಕ್ಕೆ ಎಂಟು ದಿನ ಮೊದಲು ಕೂಡಿಸಿದ, ದೋಣಿಯ ಹಿಂದೆ ಕಟ್ಟುವ ನನ್ನ ಔಟ್‌ಬೋರ್ಡ್ ಎಂಜಿನ್ ಈ ಮೇ ತಿಂಗಳ ತನಕ ಒಂದು ದಿನವೂ ಅಳಿವೆಯ (ನದಿ ಸಮುದ್ರ ಸೇರುವ ಬಾಯಿಯ) ಹೊರಗೆ ಕೈಕೊಟ್ಟಿಲ್ಲ. ಅಘನಾಶಿನಿ ನದಿಯ ದಡದ ತದಡಿ ಧಕ್ಕೆಯ ಮೇಲೆ ನಿಂತು "ಇಂವ ಬಿಚ್ಚೂಕೆ ಗಟ್ಟಿ, ಕೂಡ್ಸೂಕೆ ಆಗೂದಿಲ್ಲ" ಅಂದವರೇ ಈಗ ಬಂದು ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಇಡೋಣ ಅನ್ನಿಸಿತು. ಎರಡು ಸ್ಟ್ರೋಕಿನ ಎಂಜಿನ್ ಬಿಚ್ಚಿ ಗೊತ್ತಿದ್ದವರಿಗಾಗಿ ಬರೆದದ್ದು ಇದು, ಪಾನಾ ಹಿಡಿಯುವುದರಿಂದ ಶುರುಮಾಡುವುದಿಲ್ಲ.

ನನ್ನದು 9.9 ಎಚ್‌ಪಿ, ಎರಡು ಸಿಲಿಂಡರ್, ಹಗ್ಗ ಎಳೆದು ಚಾಲೂ ಮಾಡುವಂಥದ್ದು. ಪೆಟ್ರೋಲಿನಲ್ಲಿ ಶುರು, ಬಿಸಿಯಾದ ಮೇಲೆ ಸೀಮೆಎಣ್ಣೆ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲರ್, ಪರ್ಸೀನ್ ಎಲ್ಲ ದಡದಲ್ಲಿ ಕಟ್ಟಿರುವಾಗ ಸಮುದ್ರ ಸ್ವಲ್ಪ ಬಿಟ್ಟುಕೊಟ್ಟ ದಿನ ನಾಡದೋಣಿಯವರು ಮಾತ್ರ ಬಲೆ ಹಾಕುತ್ತೇವೆ. ಆ 61 ದಿನಗಳಲ್ಲಿ ಸಿಗುವ ಹತ್ತು ಹದಿನೈದು ದಿನದ ದುಡಿಮೆಗೆ ಉಳಿದ ಎರಡು ತಿಂಗಳ ದುಡಿಮೆಯ ಬೆಲೆ. ಅಂಥ ದಿನ ಎಂಜಿನ್ ಮೇಸ್ತ್ರಿಯ ಶೆಡ್ಡಿನಲ್ಲಿದ್ದರೆ ಹೊಟ್ಟೆ ಉರಿಯುತ್ತದೆ. ಐದು ವರ್ಷದ ಹಿಂದೆ ನನಗೆ ಹಾಗೆಯೇ ಆಯಿತು. ಒಬ್ಬ ಮೇಸ್ತ್ರಿಯ ಹತ್ತಿರ ಹತ್ತೊಂಬತ್ತು ದಿನ ಬಿದ್ದುಕೊಂಡಿತ್ತು, ಹದಿನಾಲ್ಕು ಸಾವಿರ ಬಿಲ್ಲು. ಮನೆಗೆ ತಂದು ನೋಡಿದರೆ ಲೆಗ್ಗಿನ (ನೀರಿಗಿಳಿಯುವ ಕೆಳಭಾಗದ) ಎರಡು ಬೋಲ್ಟಿನ ಜಾಗದಲ್ಲಿ ಬೇರೆ ಯಾವುದೋ ಉದ್ದದ ಬೋಲ್ಟು. ಅವತ್ತೇ ಇನ್ನು ನಾನೇ ಮಾಡುವುದು ಅಂತ ಗಟ್ಟಿ ಮಾಡಿಕೊಂಡೆ.

ಮೊದಲ ಸಲ ಬರೀ ಇಂಪೆಲ್ಲರ್, ಅಂದರೆ ಎಂಜಿನ್ ತಂಪಿಡಲು ನೀರೆತ್ತುವ ಪಂಪಿನ ರಬ್ಬರ್ ಚಕ್ರ, ಬದಲಿಸುವ ಕೆಲಸ. ಲೆಗ್ ಇಳಿಸಿ, ಹಳೇ ರಬ್ಬರು ತೆಗೆದು, ಹೊಸದನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತ ಕೂರಿಸಿದೆ. ಅಲ್ಲಿಯ ತನಕ ಎಲ್ಲ ಸರಿ. ತಪ್ಪಿದ್ದು ಲೆಗ್ ಮೇಲೆ ಏರಿಸುವಾಗ. ಶಾಫ್ಟಿನ ಹಲ್ಲು, ಗೇರಿನ ರಾಡು, ನೀರಿನ ಕೊಳವೆ ಮೂರೂ ಒಂದೇ ಹೊತ್ತಿಗೆ ಕೂಡಬೇಕು. ಹಲ್ಲು ಕೂಡಿತು, ರಾಡು ಕೂಡಿತು, ಲೆಗ್ 'ಟಕ್' ಅಂತ ಮೇಲೆ ಹೋಗಿ ಕೂತಿತು. ನಾನು ಖುಷಿಯಲ್ಲಿ ಬೋಲ್ಟು ಬಿಗಿದೆ. ಕೊಳವೆ ಮಾತ್ರ ಪಂಪಿನ ಮೇಲಿನ ರಬ್ಬರ್ ಬುಷ್ಷಿನೊಳಗೆ ಹೋಗದೆ ಅದರ ಅಂಚನ್ನು ಮಡಚಿಕೊಂಡು ಪಕ್ಕಕ್ಕೆ ನಿಂತಿತ್ತು. ಮೋಸ ಏನೆಂದರೆ, ಚಾಲೂ ಮಾಡಿದಾಗ, ತಂಪಿನ ನೀರು ಓಡುತ್ತಿದೆ ಅಂತ ತೋರಿಸುವ ಪೈಲಟ್ ತೂತಿನಿಂದ ನೀರು ಬಂದೇ ಬಂತು. ನೀರಿನ ಧಾರೆ ಸಣ್ಣದಿತ್ತು, ಹೊಸ ರಬ್ಬರು ಕೂಡಿಕೊಳ್ಳಲಿ ಅಂದುಕೊಂಡೆ. ಅಳಿವೆ ದಾಟಿ ಅರ್ಧ ಗಂಟೆಗೆ ನೀರಿನ ಜಾಗದಲ್ಲಿ ಹಬೆ ಬಂತು, ಎಂಜಿನ್ ತಾನಾಗಿ ಸೊರಗಿ ನಿಂತಿತು. ಮುಚ್ಚಳ ತೆಗೆದರೆ ಹೆಡ್ಡಿನ ಬಣ್ಣ ಕಂದು ತಿರುಗಿದೆ. ಎಳೆದು ತಂದವರು ದುಡ್ಡು ಮುಟ್ಟಲಿಲ್ಲ, ಎರಡು ಲೀಟರ್ ಪೆಟ್ರೋಲ್ ಮಾತ್ರ ಇಸಿದುಕೊಂಡರು. ಹೆಡ್ ಗ್ಯಾಸ್ಕೆಟ್, ಬುಷ್, ಇನ್ನೊಂದು ಇಂಪೆಲ್ಲರ್ ಸೇರಿ ಮೂರು ಸಾವಿರದ ಮೇಲೆ ಹೋಯಿತು. ಡೊಂಕಾದ ಹೆಡ್ಡನ್ನು ದಪ್ಪ ಗಾಜಿನ ಮೇಲೆ ನೀರಿನ ಎಮರಿ ಪೇಪರ್ ಹಾಸಿ ಎಂಟರ ಆಕಾರದಲ್ಲಿ ತಿಕ್ಕಿ ಸಮ ಮಾಡಿದೆ. ಎರಡು ಸಂಜೆ ಹಿಡಿಯಿತು. ಆ ಹೆಡ್ಡು ಇವತ್ತಿಗೂ ಅದೇ ಇದೆ.

ಎರಡನೇ ಸಲದ್ದು ದೊಡ್ಡ ಪೆಟ್ಟು. ಸೀಮೆಎಣ್ಣೆಯ ಮಸಿ ಎಷ್ಟು ಕಟ್ಟುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ರಿಂಗು ಅಂಟಿಕೊಂಡು ಕಂಪ್ರೆಷನ್ ಇಳಿದಿತ್ತು, ಅದಕ್ಕೆ ಪೂರ್ತಿ ಬಿಚ್ಚಿದೆ, ಕ್ರ್ಯಾಂಕ್ ಶಾಫ್ಟ್ ಕೂರುವ ಕ್ರ್ಯಾಂಕ್ ಕೇಸ್ ಸಮೇತ. ಕೂಡಿಸುವಾಗ ಎರಡು ತಪ್ಪು ಮಾಡಿದೆ. ಮೊದಲನೆಯದು ರಿಂಗಿನ ಬಾಯಿ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕೊರಕಲಿನಲ್ಲಿ ಸಣ್ಣ ಮೊಳೆ ಇರುತ್ತದಲ್ಲ, ರಿಂಗಿನ ಎರಡು ತುದಿ ಅದರ ಆಚೆ ಈಚೆ ಕೂರಬೇಕು. ಕತ್ತಲಾಗಿತ್ತು, ಕರೆಂಟ್ ಇರಲಿಲ್ಲ, ಟಾರ್ಚಿನ ಬೆಳಕಿನಲ್ಲಿ ಒಂದು ರಿಂಗ್ ಮೊಳೆಯ ಮೇಲೆ ಹತ್ತಿದ್ದು ಕಾಣಲಿಲ್ಲ. ಒತ್ತಿದೆ, 'ಚಟ್' ಅಂತು. ಅದೊಂದು ಸೆಟ್ ಹೋಯಿತು. ಹೋಗಲಿ, ಶಬ್ದವಾದ್ದರಿಂದ ಅಲ್ಲೇ ಗೊತ್ತಾಯಿತು. ಎರಡನೆಯ ತಪ್ಪು ಶಬ್ದ ಮಾಡುವಂಥದ್ದಲ್ಲ. ಕ್ರ್ಯಾಂಕ್ ಕೇಸಿನ ಎರಡು ಹೋಳಿನ ನಡುವೆ ಗ್ಯಾಸ್ಕೆಟ್ ಇಲ್ಲ, ಬರೀ ಪೇಸ್ಟ್. ಜಾಸ್ತಿ ಹಚ್ಚಿದರೆ ಜಾಸ್ತಿ ಗಟ್ಟಿ ಅಂತ ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ ಸವರಿದೆ. ಮೇಲಾಗಿ ಹಳೇ ಪೇಸ್ಟನ್ನು ಪೂರ್ತಿ ಕೆರೆದಿರಲಿಲ್ಲ. ಎಂಜಿನ್ ಒಂದೇ ಎಳೆತಕ್ಕೆ ಎದ್ದಿತು. ಆದರೆ ನಿಧಾನಕ್ಕೆ ಇಟ್ಟರೆ ತಾನಾಗಿ ಏರುವುದು, ಇಳಿಯುವುದು, ಏರುವುದು. ನಾನು ನಾಲ್ಕು ದಿನ ಕಾರ್ಬೊರೇಟರಿನ ಸ್ಕ್ರೂ ತಿರುಗಿಸುತ್ತ ಕೂತೆ. ಗಾಳಿ ಎಳೆಯುತ್ತಿದ್ದದ್ದು ಕೇಸಿನ ಕೆಳಗಿನ ತುದಿಯಿಂದ. ಗಾಳಿ ಜಾಸ್ತಿಯಾದರೆ ಪೆಟ್ರೋಲ್ ಕಮ್ಮಿ, ಪೆಟ್ರೋಲಿನ ಜೊತೆ ಬರುವ ಆಯಿಲ್ಲೂ ಕಮ್ಮಿ. ಐದನೇ ದಿನ ಕೆಳಗಿನ ಪಿಸ್ಟನ್ ಗೀರಿ ಹಿಡಿದುಕೊಂಡಿತು.

ಬ್ಲಾಕನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಒಯ್ದು ಬೋರಿಂಗ್ ಮಾಡಿಸಿದೆ, ಅಂದರೆ ಸಿಲಿಂಡರಿನ ಒಳಮೈ ಕೊರೆಸಿ 0.25 ಮಿ.ಮೀ. ಅಗಲ ಮಾಡಿಸಿದೆ. ಎರಡು ಪಿಸ್ಟನ್, ರಿಂಗ್, ಬೇರಿಂಗ್, ಬೋರಿಂಗ್, ಓಡಾಟ ಎಲ್ಲ ಸೇರಿ ಹದಿಮೂರೂವರೆ ಸಾವಿರವೋ ಹದಿನಾಲ್ಕೋ. ಜುಲೈಯಲ್ಲಿ ಹನ್ನೊಂದು ದಿನ ದೋಣಿ ಮರಳ ಮೇಲೆ. ಭಾವ ಮನೆಗೆ ಬಂದು, "ಮಾರಾಯ, ಮೇಸ್ತ್ರಿಗೆ ಕೊಟ್ಟಿದ್ರೆ ಅಷ್ಟೇ ದುಡ್ಡು, ನಿದ್ದೆ ಆದ್ರೂ ಬರ್ತಿತ್ತು" ಅಂದ. ಆ ಮಾತು ಬಹಳ ದಿನ ಕಿವಿಯಲ್ಲಿತ್ತು.

ಮೂರನೆಯದು ಸಣ್ಣದು, ಹೇಳಿ ಮುಗಿಸುತ್ತೇನೆ. ಫ್ಲೈವೀಲ್ ಕೂರಿಸುವ ಕೋನ್ ಒರೆಸದೆ ಆಯಿಲ್ ಇದ್ದ ಹಾಗೆಯೇ ಹಾಕಿ, ನಟ್ಟನ್ನು ಕೈ ಅಂದಾಜಿಗೆ ಬಿಗಿದೆ. ವಾರದೊಳಗೆ ಅರ್ಧಚಂದ್ರದ ಕೀ ಅರ್ಧ ಕತ್ತರಿಸಿ ಟೈಮಿಂಗ್ ಜಾರಿತು, ಹಗ್ಗ ಎಳೆದರೆ ಹಿಂದಕ್ಕೆ ಒದ್ದು ಮಣಿಕಟ್ಟು ಊದಿಕೊಂಡಿತು. ಕೀ ಅರವತ್ತು ರೂಪಾಯಿ, ಮಣಿಕಟ್ಟಿಗೆ ಮೂರು ವಾರ. ಅದಾದ ಮೇಲೆ 2,600 ಕೊಟ್ಟು ಟಾರ್ಕ್ ಪಾನಾ ತಂದೆ. ಕೋನ್ ಎರಡೂ ಕಡೆ ಒಣಗಿರಬೇಕು, ಬೆರಳ ಬೆವರೂ ತಾಗಬಾರದು.

ಈಗ ಕಳೆದ ವರ್ಷದ್ದು. ಒಂದು ತಿಂಗಳು ಯೋಚನೆ ಮಾಡಿದ ಮೇಲೆ ನನಗೆ ಗೊತ್ತಾದದ್ದು ಒಂದೇ: ಮೂರೂ ಸಲ ನಾನು ತಪ್ಪು ಕಂಡುಕೊಂಡದ್ದು ಸಮುದ್ರದಲ್ಲಿ. ಜಗಲಿಯ ಮೇಲೇ ತಪ್ಪು ಕಾಣುವ ಹಾಗೆ ಮಾಡಿಕೊಂಡರೆ ಕೆಲಸ ಗೆದ್ದ ಹಾಗೆ.

ಬೋಲ್ಟುಗಳಿಂದ ಶುರು. ಮೀನು ಕಟ್ಟುವ ಥರ್ಮೋಕೋಲ್ ಡಬ್ಬಿಯ ಮುಚ್ಚಳದ ಮೇಲೆ ಎಂಜಿನ್ನಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿದೆ. ಇದಕ್ಕೆ ಮೊದಲು ಅಡಿಕೆ ಹಾಳೆಯಲ್ಲಿ ಮಾಡಿ ನೋಡಿದ್ದೆ. ಮೊದಲ ಮಳೆಯ ತಂಪಿಗೆ ಹಾಳೆ ಮುದುರಿ ಅರ್ಧ ಬೋಲ್ಟು ಉದುರಿತು. ಥರ್ಮೋಕೋಲ್ ಏನೂ ಆಗುವುದಿಲ್ಲ, ಪೆಟ್ರೋಲ್ ಮಾತ್ರ ತಾಗಬಾರದು, ಕರಗಿ ಹೋಗುತ್ತದೆ. ಬೋಲ್ಟ್ ಸೀಮೆಎಣ್ಣೆಯಲ್ಲಿ ತೊಳೆದು, ಸೋಪುನೀರಿನಲ್ಲಿ ತೊಳೆದು, ಒಣಗಿಸಿ ಚುಚ್ಚಿ. ಉಪ್ಪು ಹಿಡಿದು ಕಚ್ಚಿಕೊಂಡ ಬೋಲ್ಟ್ ಮುರಿಯದೆ ತೆಗೆಯಲು ನನ್ನದೊಂದು ದಾರಿ ಇದೆ. ಕಾಯಿಸುವುದು ಮತ್ತು ಆಯಿಲ್ ಬಿಡುವುದು ಎಲ್ಲರಿಗೂ ಗೊತ್ತು, ನಡುವೆ ಮಾಡುವ ಕೆಲಸ ಇಲ್ಲಿ ಬರೆಯುವುದಿಲ್ಲ. ಜಗಲಿಗೆ ಬಂದವರಿಗೆ ತೋರಿಸುತ್ತೇನೆ. ಹನ್ನೊಂದು ಬೋಲ್ಟಿನಲ್ಲಿ ಒಂದೂ ಮುರಿಯಲಿಲ್ಲ.

ನಡುವೆ ಒಂದು ಪ್ರಯೋಗ. ಥರ್ಮೋಸ್ಟಾಟ್ ಬಿಳೀ ಉಪ್ಪುಗಟ್ಟಿ ಅಲ್ಲಾಡುತ್ತಿರಲಿಲ್ಲ. ಹಿತ್ತಾಳೆ ಪಾತ್ರೆ ಮುರುಗಲು ಹುಳಿಯಲ್ಲಿ ಬೆಳಗಾಗುತ್ತದೆ, ಇದ್ಯಾಕೆ ಆಗಬಾರದು ಅಂತ ಮುರುಗಲು ಸಿಪ್ಪೆ ನೆನೆಹಾಕಿದ ನೀರಿನಲ್ಲಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಹೊಸದರ ಹಾಗೆ. ಬಿಸಿನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟೆ, ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆಯಿತು. ಅದೇ ಹುರುಪಿನಲ್ಲಿ ಅದರ ಅಲ್ಯೂಮಿನಿಯಂ ಮುಚ್ಚಳವನ್ನೂ ನೆನೆಹಾಕಿದೆ. ಅದು ಕಪ್ಪಾಗಿ ಮೈಯೆಲ್ಲ ಸಿಡುಬಿನ ಕಲೆಯ ಹಾಗೆ ಆಯಿತು. ಹಿತ್ತಾಳೆ, ತಾಮ್ರಕ್ಕೆ ಮಾತ್ರ ಮುರುಗಲು. ಅಲ್ಯೂಮಿನಿಯಂಗೆ ಬೇಡ.

ಪೇಸ್ಟ್ ಹಚ್ಚುವ ಮೊದಲು ಇಡೀ ಪವರ್ ಹೆಡ್ (ಎಂಜಿನ್ನಿನ ಮೇಲಿನ ಭಾಗ) ಒಮ್ಮೆ ಒಣಗಿದ್ದೇ ಕೂಡಿಸಿದೆ. ಪಿಸ್ಟನ್ನಿನ ಗುರುತು ಫ್ಲೈವೀಲ್ ಕಡೆ, ರಿಂಗಿನ ಬಾಯಿ ಮೊಳೆಗೆ, ಬೇರಿಂಗಿನ ತೂತು ಬ್ಲಾಕಿನ ಪಿನ್ನಿಗೆ. ಬೋಲ್ಟ್ ಅರ್ಧ ಬಿಗಿದು ಕೈಯಲ್ಲಿ ಹತ್ತು ಸುತ್ತು ತಿರುಗಿಸಿ ನೋಡಿದೆ. ಎಲ್ಲೂ ತಡೆಯಲಿಲ್ಲ ಅಂದ ಮೇಲೆ ಮತ್ತೆ ಬಿಚ್ಚಿ, ಎರಡೂ ಹೋಳನ್ನು ಥಿನ್ನರಿನಲ್ಲಿ ಬಟ್ಟೆ ಕಪ್ಪಾಗದ ತನಕ ಒರೆಸಿ, ಪೇಸ್ಟನ್ನು ಬೆರಳ ತುದಿಯಲ್ಲಿ ಕಾಗದದಷ್ಟು ತೆಳ್ಳಗೆ, ಬೋಲ್ಟ್ ತೂತಿನ ಒಳಮಗ್ಗುಲಿಗೆ ಬರುವ ಹಾಗೆ ಎಳೆದೆ. ಬಿಗಿದದ್ದು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ. ಒಂದು ರಾತ್ರಿ ಒಣಗಲು ಬಿಟ್ಟೆ.

ಮಾರನೇ ದಿನ ಮಾಡಿದ ಕೆಲಸ ನೋಡಿ ಎಲ್ಲರೂ ನಕ್ಕರು. ಅಪ್ಪನಿಗೆ ಬಿಪಿ ನೋಡಲು ತಂದ ಡಯಲಿನ ಯಂತ್ರ ಇತ್ತು, ಕೈಗೆ ಸುತ್ತುವ ಪಟ್ಟಿ ಹರಿದು ಅಟ್ಟದ ಮೇಲಿತ್ತು. ಎಂಜಿನ್ನಿನೊಳಗೆ ಗಾಳಿ ತುಂಬಿ ಎಲ್ಲಾದರೂ ಸೋರುತ್ತದೋ ನೋಡಲು ಅದರ ರಬ್ಬರ್ ಬಲ್ಬು ಮತ್ತು ಡಯಲು ಬಿಚ್ಚಿದೆ. ಕಾರ್ಬೊರೇಟರ್ ಕೂರುವ ಜಾಗಕ್ಕೆ ಒಂದು ತಗಡಿನ ತುಂಡು, ಕೆಳಗೆ ಹೊಗೆ ಹೋಗುವ ಬಾಯಿಗೆ ಇನ್ನೊಂದು, ಎರಡರ ಅಡಿಗೂ ಟೈರ್ ಟ್ಯೂಬಿನ ರಬ್ಬರು. ಪ್ಲಗ್ ಬಿಗಿದು, ಸಣ್ಣ ಪೈಪುಗಳಿಗೆಲ್ಲ ಗೂಟ ಹೊಡೆದು, ಮೇಲಿನ ತಗಡಿಗೆ ಸೈಕಲ್ ಟ್ಯೂಬಿನ ನಿಪ್ಪಲ್ ಕೂರಿಸಿ ಬಲ್ಬು ಒತ್ತಿದೆ. ಡಯಲ್ 250ಕ್ಕೆ ಬಂತು. ಪೌಂಡಿನ ಲೆಕ್ಕದಲ್ಲಿ ಅದು ಐದೂ ಆಗುವುದಿಲ್ಲ. ಶಾಫ್ಟಿನ ಸುತ್ತ ಗಾಳಿ ತಡೆಯುವ ರಬ್ಬರ್ ಸೀಲಿಗೆ ಅಷ್ಟೇ ಸಾಕು, ಗ್ಯಾರೇಜಿನ ಕಂಪ್ರೆಸರ್ ಹಚ್ಚಿದರೆ ಸೀಲೇ ಹೊರಗೆ ಬಂದೀತು.

ಮುಳ್ಳು ನಿಲ್ಲಲಿಲ್ಲ. 250ರಿಂದ ಅರ್ಧ ನಿಮಿಷದಲ್ಲಿ 100ಕ್ಕೆ ಇಳಿಯಿತು. ಸೋಪುನೀರು ಬ್ರಷ್ಷಿನಲ್ಲಿ ಸವರುತ್ತ ಹೋದೆ. ಹೆಡ್ ಸರಿ, ಕೇಸಿನ ಜೋಡು ಸರಿ. ಬ್ಲಾಕನ್ನು ಮಗುಚಿ ಕ್ರ್ಯಾಂಕಿನ ಕೆಳಗಿನ ಸೀಲಿಗೆ ಸವರಿದರೆ ಶಾಫ್ಟಿನ ಒಂದೇ ಮಗ್ಗುಲಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು, ಒಂದರ ಹಿಂದೆ ಒಂದು, ಏಡಿ ನೊರೆ ಬಿಟ್ಟ ಹಾಗೆ. ಹೊಸ ಸೀಲ್! ತೆಗೆದು ನೋಡಿದರೆ ತುಟಿಯಲ್ಲಿ ಉಗುರು ಗೀರಿದಷ್ಟು ಸಣ್ಣ ಕಚ್ಚು. ಕೂರಿಸುವಾಗ ಶಾಫ್ಟಿನ ಅಂಚು ತಾಗಿದ್ದು. ನನಗೆ ಮೈ ಜುಂ ಅಂದಿತು, ಯಾಕೆಂದರೆ ಎರಡನೇ ಸಲದ ಪಿಸ್ಟನ್ ತಿಂದದ್ದೂ ಇದೇ ಜಾಗ ಇರಬೇಕು. ಪೇಸ್ಟನ್ನು ಬೈದದ್ದು ಅರ್ಧ ಮಾತ್ರ ಸರಿ. 180 ರೂಪಾಯಿಯ ಸೀಲ್ ತಂದು, ಈ ಸಲ ಶಾಫ್ಟಿನ ತುದಿಗೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಸುತ್ತಿ, ಗ್ರೀಸ್ ಸವರಿ ಜಾರಿಸಿ, ಪ್ಲಾಸ್ಟಿಕ್ ಎಳೆದು ತೆಗೆದೆ. ಮತ್ತೆ ಒತ್ತಿದೆ. ಐದು ನಿಮಿಷಕ್ಕೆ 250ರಿಂದ 235. ಹೆಂಡತಿಯನ್ನು ಕರೆದು ಮುಳ್ಳು ತೋರಿಸಿದೆ.

ಲೆಗ್ ಏರಿಸುವಾಗ ಈ ಸಲ ಅವಸರ ಮಾಡಲಿಲ್ಲ. ಹಲ್ಲಿನ ಪಕ್ಕಕ್ಕೆ ಮಾತ್ರ ಗ್ರೀಸ್, ಶಾಫ್ಟಿನ ನೆತ್ತಿಗೆ ಇಲ್ಲ, ಅಲ್ಲಿ ತುಂಬಿದರೆ ಪೂರ್ತಿ ಮೇಲೆ ಹೋಗದೆ ಒತ್ತಿಕೊಳ್ಳುತ್ತದೆ. ಫ್ಲೈವೀಲನ್ನು ಗಡಿಯಾರದ ದಿಕ್ಕಿಗೇ ಸ್ವಲ್ಪ ಸ್ವಲ್ಪ ತಿರುಗಿಸಿದೆ. ಹಿಂದಕ್ಕೆ ತಿರುಗಿಸಿದರೆ ಇಂಪೆಲ್ಲರಿನ ರೆಕ್ಕೆ ಮಡಚುತ್ತದೆ. ಕೊಳವೆ ಬುಷ್ಷಿನೊಳಗೆ ಹೋಯಿತೋ ಇಲ್ಲವೋ ಅಂತ ಕಣ್ಣಿಗೆ ಕಾಣದೆ ತಿಳಿಯುವುದಕ್ಕೆ ನಾನು ಮಾಡುವ ಗುರುತೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅಷ್ಟು ಹೇಳುತ್ತೇನೆ, ಅದಕ್ಕೆ ಬೇಕಾದದ್ದು ಮಕ್ಕಳ ಬಳಪದ ತುಂಡು. ಗೇರ್ ಆಯಿಲ್ ಕೆಳಗಿನ ತೂತಿನಿಂದ ಒತ್ತಿ, ಮೇಲಿನಿಂದ ಗುಳ್ಳೆ ಇಲ್ಲದೆ ಬರುವ ತನಕ ತುಂಬಿಸಿ, ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು.

ಇನ್ನೂರು ಲೀಟರಿನ ನೀಲಿ ಡ್ರಮ್ಮಿನಲ್ಲಿ ಫ್ಯಾನು (ಪ್ರೊಪೆಲ್ಲರ್) ಬಿಚ್ಚಿಟ್ಟು ಓಡಿಸಿದೆ, ನೀರು ಬಿಸಿಯಾದ ಹಾಗೆ ಬದಲಿಸುತ್ತ ಒಟ್ಟು ಎರಡು ಗಂಟೆ. ಪೈಲಟ್ ನೀರು ಹೆಬ್ಬೆರಳಿಗೆ ಹೊಡೆದರೆ ಬೆರಳು ಪಕ್ಕಕ್ಕೆ ಸರಿಯುವಷ್ಟು ಜೋರು. ಆಮೇಲೆ ಅಘನಾಶಿನಿಯಲ್ಲೇ, ಅಳಿವೆ ದಾಟದೆ, ಮೂರು ಸಂಜೆ ಅರ್ಧ ರೇಸಿನಲ್ಲಿ ಸುತ್ತಿದೆ. ಮೊದಲ ಎರಡು ಟ್ಯಾಂಕಿಗೆ ಲೀಟರಿಗೆ 40 ಮಿಲಿ ಆಯಿಲ್, ಸೀಮೆಎಣ್ಣೆ ಮುಟ್ಟಿಸಲಿಲ್ಲ. ಬೋರಿಂಗ್ ಬೇಕಾಗಿರಲಿಲ್ಲವಾದ್ದರಿಂದ ಒಟ್ಟು ಖರ್ಚು ಏಳು ಸಾವಿರದ ಒಳಗೆ: ರಿಂಗ್, ಸೀಲ್, ಗ್ಯಾಸ್ಕೆಟ್ ಸೆಟ್, ಇಂಪೆಲ್ಲರ್, ಪೇಸ್ಟ್, ಆಯಿಲ್. ಜೂನಿನಲ್ಲಿ ಕಡಲಿಗೆ ಇಳಿದ ಮೊದಲ ಆರು ದಿನಕ್ಕೇ ಅದು ಬಂತು.

ಈಗ ಸೀಮೆಎಣ್ಣೆ ಹಾಕಿದ ದಿನ ನಿಲ್ಲಿಸುವ ಮೊದಲು ಐದು ನಿಮಿಷ ಪೆಟ್ರೋಲಿಗೆ ತಿರುಗಿಸುವುದನ್ನು ತಪ್ಪಿಸುವುದಿಲ್ಲ, ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಹತ್ತು ನಿಮಿಷ. ಮೊನ್ನೆ ಗೇರ್ ಆಯಿಲ್ ಬಿಟ್ಟು ನೋಡಿದರೆ ಸ್ವಲ್ಪ ಹಾಲುಬಣ್ಣ, ಅಂದರೆ ನೀರು ಸೇರಿದೆ. ಫ್ಯಾನಿನ ಹಿಂದೆ ಬಲೆಯ ನೂಲು ಸುತ್ತಿ ಸೀಲಿಗೆ ತಾಗಿದೆ, ಈ ವಾರ ಅದನ್ನು ಬದಲಿಸಬೇಕು. ಅದಕ್ಕೂ ಮೊದಲು ಭಾವನ ಕೆಲಸ. ಅವನೇ ಹೋದ ಆದಿತ್ಯವಾರ ತನ್ನ ಎಂಜಿನ್ನನ್ನು ತಾಡಪಾಲಿನಲ್ಲಿ ಸುತ್ತಿ, ರಿಕ್ಷಾದಲ್ಲಿ ಹಾಕಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಇಳಿಸಿ ಹೋಗಿದ್ದಾನೆ. ಮುಚ್ಚಳಕ್ಕೆ ಇಪ್ಪತ್ತೆರಡು ಬೋಲ್ಟು ಚುಚ್ಚಿಯಾಯಿತು, ಬ್ಲಾಕಿನವು ಇನ್ನೂ ಬಾಕಿ.